ಪಾನಾ ಕೈಗೆ ಕೊಡುವ ಅಂಗಡಿ

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 'ಬೈಸಿಕಲ್ ಕಿಚನ್' ಎಂಬ ಸೈಕಲ್ ಕಾರ್ಯಾಗಾರವಿದೆ. ಒಂದು ಮನೆಯ ಅಡುಗೆಕೋಣೆಯಲ್ಲಿ ಶುರುವಾದದ್ದರಿಂದ ಆ ಹೆಸರು. ಅಲ್ಲಿಯವರು ನಿಮ್ಮ ಸೈಕಲ್ಲನ್ನು ತಾವೇ ರಿಪೇರಿ ಮಾಡಿಕೊಡುವುದಿಲ್ಲ. ಪಾನಾ ನಿಮ್ಮ ಕೈಗಿತ್ತು ಪಕ್ಕದಲ್ಲಿ ನಿಂತು ಕಲಿಸುತ್ತಾರೆ.

ನಾನು ಸರ್ಕಾರಿ ಇಂಜಿನಿಯರಾಗಿದ್ದವನು. ಸೇತುವೆಗಳ ಲೆಕ್ಕ ಹಾಕಿದ್ದೆ, ಒಂದು ಪಂಕ್ಚರ್ ಹಾಕಿರಲಿಲ್ಲ. ಕಳೆದ ವರ್ಷ ನಮ್ಮ ಓಣಿಯ ಸೈಕಲ್ ಅಂಗಡಿಯ ಹುಡುಗನೇ ನನಗೆ ಗುರುವಾದ. ಟ್ಯೂಬಿಗೆ ಗಾಳಿ ತುಂಬಿ, ನೀರಲ್ಲಿ ಅದ್ದಿ, ಗುಳ್ಳೆ ಬಂದಲ್ಲಿ ಒರೆಸಿ ಉಜ್ಜಿದೆ. ಸಲ್ಯೂಷನ್ ಹಚ್ಚಿದವನೇ ಪ್ಯಾಚ್ ಒತ್ತಿಬಿಟ್ಟೆ, ಕಿತ್ತುಬಂತು. "ಆರಾಕ ಬಿಡ್ರಿ ಸಾಹೇಬ್ರ, ಆಮೇಲೆ ಒತ್ರಿ" ಎಂದ. ಗಿರಾಕಿಗೆ ಕಲಿಸಿದರೆ ನಿನ್ನ ಹೊಟ್ಟೆಪಾಡು ಹೇಗಪ್ಪಾ ಎಂದೆ. "ರಿಮ್ ಬೆಂಡ್ ತೆಗಸಾಕ ನನ್ನ ಹತ್ರನ ಬರ್ತೀರಲ್ರೀ" ಎಂದು ನಕ್ಕ.

ಕಾಯಕದ ಬಗ್ಗೆ ವೇದಿಕೆಯೇರಿ ಗಂಟೆಗಟ್ಟಲೆ ಮಾತಾಡುವ ನಾವು (ನಾನೂ ಸೇರಿ) ಕೈಗೆ ಗ್ರೀಸ್ ಹತ್ತಿದರೆ ಮುಖ ಸಿಂಡರಿಸುತ್ತೇವೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಟ್ಟ ಸೈಕಲ್ಲುಗಳು ಒಂದು ಬ್ರೇಕ್ ತಂತಿಗಾಗಿ ಗೋಡೆಗೊರಗಿ ತುಕ್ಕು ಹಿಡಿದದ್ದನ್ನು ಹಳ್ಳಿಗಳಲ್ಲಿ ಕಂಡಿದ್ದೇನೆ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ರವಿವಾರಕ್ಕೊಮ್ಮೆ ಇಂಥ ಹುಡುಗರನ್ನು ಗೌರವಧನ ಕೊಟ್ಟು ಕರೆಸೋಣ. ಹೆಣ್ಣುಮಕ್ಕಳೂ ಪಾನಾ ಹಿಡಿಯಲಿ. ನೀರು ತುಂಬಿಡಲು ನಾನು ಬರುತ್ತೇನೆ.