ಗಡಿಪಾರಾದ ಮೇಲೆ ಓಣಿಯ ಗತಿಯೇನು?

ಊರಲ್ಲಿ ಪುಂಡರ ಹಾವಳಿ ಹೆಚ್ಚಾಯಿತೆಂದು ಹೇಳದವರು ಇಂದು ಯಾರಿದ್ದಾರೆ? ಅದಕ್ಕೆ ಮದ್ದು ಯಾವುದೆಂದು ಕೇಳಿದರೂ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಗಡಿಪಾರು ಮಾಡಿರಿ." ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಇದೇ ವಿಷಯ ಬಂದಾಗ ಮಾತಾಡಿದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಗಡಿಪಾರಿನ ಪರವಾಗಿಯೇ ನಿಂತರು. ಚಪ್ಪಾಳೆಯೂ ಅವರಿಗೇ ಬಿತ್ತು. ನಾನು ಆ ದಿನ ಮಾತಾಡಲಿಲ್ಲ. ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ. ಸಂಪಾದಕ ಮಂಡಲಿಯವರು ಸ್ಥಳ ಕೊಟ್ಟಿದ್ದಾರೆ, ಇಲ್ಲಿ ಹೇಳುತ್ತೇನೆ.

ನಾನು ಲಕಮನಹಳ್ಳಿಯವಳು. ಈ ಹೆಸರು ಕೇಳಿದೊಡನೆ ಗೆಳತಿಯರಿಗೆ ಕಾರಖಾನೆಗಳು ನೆನಪಾಗುತ್ತವೆಯೇ ಹೊರತು ಊರು ನೆನಪಾಗುವುದಿಲ್ಲ. ಅದು ಅವರ ತಪ್ಪಲ್ಲ. ಧಾರವಾಡದಿಂದ ಹುಬ್ಬಳ್ಳಿಯ ಹಾದಿ ಹಿಡಿದರೆ ಸಿಗುವ ಈ ಊರು ಹೆಸರಿಗೆ ಹಳ್ಳಿ, ಲೆಕ್ಕಕ್ಕೆ ಮಹಾನಗರಪಾಲಿಕೆ, ದುಡಿಮೆಗೆ ಕೈಗಾರಿಕಾ ಪ್ರದೇಶ. ತಲೆಮಾರುಗಳಿಂದ ಇಲ್ಲಿಯೇ ಒಕ್ಕಲುತನ ಮಾಡಿದವರ ಮನೆಗಳ ಪಕ್ಕದಲ್ಲಿಯೇ ನಿನ್ನೆ ಮೊನ್ನೆ ಬಂದು ಬಾಡಿಗೆ ಖೋಲಿ ಹಿಡಿದ ಕೂಲಿಕಾರರು ಇದ್ದಾರೆ. ಎದುರು ಮನೆಯವರ ಹೆಸರು ಗೊತ್ತಿಲ್ಲದ ಓಣಿಗಳು ಹಳ್ಳಿಯ ಹೆಸರಿನಲ್ಲಿ ಬೆಳೆದಿವೆ. ನನ್ನ ತಂದೆ ಹೀಗೆಯೇ ಹೊರಗಿನಿಂದ ಬಂದು ಒಂದು ಸಣ್ಣ ವರ್ಕಶಾಪಿನಲ್ಲಿ ಲೇಥ್ ಯಂತ್ರದ ಮುಂದೆ ನಿಂತವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ನಮ್ಮಲ್ಲಿಯ ಉಪದ್ರವ ಎಂಥದೆಂದು ಹೇಳಬೇಕು. ಕೊಲೆಯಲ್ಲ, ದರೋಡೆಯಲ್ಲ. ಖಾಲಿ ನಿವೇಶನದಲ್ಲಿ ರಾತ್ರಿ ಕುಡಿದು ಒಡೆದ ಬಾಟಲಿಗಳು. ಸೈಲೆನ್ಸರ್ ಕಿತ್ತ ಮೋಟಾರ ಸೈಕಲ್ಲು. ದೀಪವಿಲ್ಲದ ತಿರುವಿನಲ್ಲಿ ನಾಲ್ಕಾರು ಹುಡುಗರು, ಅವರು ಹಾದುಹೋಗುವ ಹುಡುಗಿಯರ ಮೇಲೆ ಎಸೆಯುವ ಮಾತು. ಒಂದೊಂದನ್ನೇ ಬಿಡಿಸಿ ನೋಡಿದರೆ ಯಾವುದೂ ಪತ್ರಿಕೆಯಲ್ಲಿ ಬರುವಂಥದಲ್ಲ, ಎಲ್ಲ ಸೇರಿದರೆ ಮನುಷ್ಯನ ದಿನಚರಿಯನ್ನೇ ಬದಲಿಸಿಬಿಡುತ್ತವೆ. ಚಳಿಗಾಲದಲ್ಲಿ ಕತ್ತಲಾದ ಮೇಲೆ ನಾನು ಬಸ್ಸಿಳಿಯುವ ಹೊತ್ತಿಗೆ ತಾಯಿ ಅರ್ಧ ಒಲೆ ಬಿಟ್ಟು ನಿಲ್ದಾಣಕ್ಕೆ ಬಂದಿರುತ್ತಾಳೆ. ಬಿ.ಎ. ಮೊದಲನೆಯ ವರ್ಷದಲ್ಲಿ ನನ್ನ ಜೊತೆಗೆ ಬರುತ್ತಿದ್ದ ಗೆಳತಿಯೊಬ್ಬಳು ಎರಡನೆಯ ವರ್ಷ ಬರಲಿಲ್ಲ. ಅವಳು ನಪಾಸಾಗಿರಲಿಲ್ಲ, ಮನೆಯಲ್ಲಿ ಹಣಕ್ಕೆ ಅಡಚಣೆಯೂ ಇರಲಿಲ್ಲ. ಆ ತಿರುವೊಂದೇ ಕಾರಣ. ಆದುದರಿಂದ ಪುಂಡರ ಬಗ್ಗೆ ಕರುಣೆ ತೋರಿಸುವುದಕ್ಕೆ ನಾನು ಈ ಲೇಖನ ಬರೆಯುತ್ತಿದ್ದೇನೆಂದು ಯಾರೂ ಭಾವಿಸಬೇಕಾಗಿಲ್ಲ.

2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿಯೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ತಿಂಗಳು ತುಂಬುವುದರೊಳಗೆ, ಮೇ ತಿಂಗಳಲ್ಲಿ, ವೀರಾಪುರ ಓಣಿಯಲ್ಲಿ ಮತ್ತೊಬ್ಬ ತರುಣಿ ತನ್ನ ಮನೆಯಲ್ಲಿಯೇ ಹತಳಾದಳು. ಬೆದರಿಕೆಯಿದೆಯೆಂದು ಮೊದಲೇ ಠಾಣೆಗೆ ತಿಳಿಸಿದ್ದೆವೆಂದು ಆ ಎರಡನೆಯವಳ ಮನೆಯವರು ಹೇಳಿದರು. ಕರ್ತವ್ಯಲೋಪದ ಆರೋಪದ ಮೇಲೆ ಪೋಲೀಸರೇ ಅಮಾನತಾದರು. ಅವಳಿ ನಗರದ ಹೆಣ್ಣುಮಕ್ಕಳೆಲ್ಲ ಆ ಬೇಸಗೆಯನ್ನು ಹೇಗೆ ಕಳೆದೆವೆಂಬುದನ್ನು ಬರೆಯಲಾರೆ. ಅದರ ನಂತರ ಕಮಿಷನರೇಟಿನವರು ರೌಡಿಗಳನ್ನು ಪರೇಡು ಮಾಡಿಸಿದರು, ಅನೇಕರನ್ನು ಹೊರ ಜಿಲ್ಲೆಗಳಿಗೆ ಗಡಿಪಾರು ಮಾಡಿದರು. ಜನ ಹರ್ಷಪಟ್ಟರು. ಆದರೆ ವೀರಾಪುರ ಓಣಿಯ ಸಂಗತಿಯಲ್ಲಿ ಕೊರತೆಯಾಗಿದ್ದು ಗಡಿಪಾರಿನ ಅಧಿಕಾರವೆ? ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳುವ ಒಬ್ಬ ಮನುಷ್ಯ ಠಾಣೆಯಲ್ಲಿ ಇಲ್ಲದ್ದು ಅಲ್ಲಿಯ ಕೊರತೆಯೆಂದು ನನಗೆ ತೋರುತ್ತದೆ.

ಕಾಯದೆಯ ಕೈಯಲ್ಲಿ ಏನೇನಿದೆ ಎಂಬುದನ್ನು ತಿಳಿದವರು ಕಡಿಮೆ. ಶಾಂತಿಭಂಗ ಮಾಡಬಹುದಾದವನಿಂದ ಮುಚ್ಚಳಿಕೆ ಬರೆಯಿಸಿಕೊಳ್ಳುವುದು ಹಳೆಯ ಕ್ರಮ. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 107ನೆಯ ಕಲಮು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 126ನೆಯ ಕಲಮು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ರೌಡಿ ಪಟ್ಟಿ ತೆರೆಯುವುದು ಇನ್ನೊಂದು. 1963ರ ಕರ್ನಾಟಕ ಪೋಲೀಸ ಕಾಯದೆಯ ಪ್ರಕಾರ ಗಡಿಪಾರು ಮಾಡುವುದು ಮೂರನೆಯದು. ಇವೆಲ್ಲ ಕೋರ್ಟಿನ ಆಜ್ಞೆಗಳೆಂದು ನಮ್ಮ ಮಂದಿ ತಿಳಿದಿದ್ದಾರೆ. ಆದರೆ ಕಮಿಷನರೇಟು ಇರುವ ಊರಲ್ಲಿ ಕಾರ್ಯಾಂಗ ದಂಡಾಧಿಕಾರಿಯ ಅಧಿಕಾರ ಪೋಲೀಸ ವರಿಷ್ಠರ ಕೈಯಲ್ಲಿಯೇ ಇರುತ್ತದೆ. ವರದಿ ಬರೆಯುವ ಇಲಾಖೆಯೂ ಅದೇ, ಆಜ್ಞೆ ಕೊಡುವ ಇಲಾಖೆಯೂ ಅದೇ. ನೋಟೀಸು ಕೊಟ್ಟು ಹೇಳಿಕೆ ಕೇಳಬೇಕೆಂಬ ನಿಯಮವೇನೋ ಇದೆ. ರೌಡಿ ಪಟ್ಟಿಗೆ ಹೆಸರು ಸೇರಿಸುವ ಮುನ್ನ ಆ ಮನುಷ್ಯನ ಮಾತನ್ನೂ ಕೇಳಬೇಕೆಂದು ನಮ್ಮ ಉಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ, ಗಡಿಪಾರು ಅಸಾಧಾರಣ ಕ್ರಮವಾದುದರಿಂದ ಅದನ್ನು ಮಿತವಾಗಿ ಬಳಸಬೇಕೆಂದು ಹೇಳಿತು. ಸಾರಿಗೆ ಉಪ್ಪು ಹಾಕಿದ ಹಾಗೆ ಅದನ್ನು ನಿತ್ಯ ಬಳಸುವುದು ಸಲ್ಲದು.

ನನ್ನ ಜೊತೆಗೆ ಕನ್ನಡ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವನೊಬ್ಬ ಈಗ ಆ ತಿರುವಿನ ಹುಡುಗರಲ್ಲಿದ್ದಾನೆ. ಏಳನೆಯ ಇಯತ್ತೆಯ ನಂತರ ಗ್ಯಾರೇಜು, ಅದರ ನಂತರ ಗುತ್ತಿಗೆಯ ಕೆಲಸ, ಕೆಲಸ ಹೋದ ಮೇಲೆ ತಿರುವು. ಒಂದು ಹೊಡೆದಾಟದ ನಂತರ ಅವನಿಂದಲೂ ಮುಚ್ಚಳಿಕೆ ಬರೆಯಿಸಿಕೊಂಡರು. ಮುಚ್ಚಳಿಕೆಯಲ್ಲಿ ಏನು ಬರೆದಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವನ ತಾಯಿ ಅದನ್ನು ನನ್ನ ಹತ್ತಿರ ತಂದು ಓದಿಸಿದಳು. ಒಂದು ವರ್ಷ ಶಾಂತಿಯಿಂದಿರಬೇಕು, ತಪ್ಪಿದರೆ ಇಷ್ಟು ರೂಪಾಯಿ ಎಂದು ಇತ್ತು. ತಿರುವಿನಲ್ಲಿ ನಿಲ್ಲಬಾರದೆಂದಾಗಲಿ, ಕತ್ತಲಾದ ಮೇಲೆ ಬಸ್ ನಿಲ್ದಾಣದ ಕಡೆ ಸುಳಿಯಬಾರದೆಂದಾಗಲಿ ಒಂದು ಅಕ್ಷರವೂ ಇರಲಿಲ್ಲ. ಅವನು ಶಾಂತಿಯಿಂದಲೇ ತಿರುವಿನಲ್ಲಿ ನಿಲ್ಲುವುದನ್ನು ಮುಂದುವರಿಸಿದನು! ಓಣಿಯವರಿಗೆ ಈ ಮುಚ್ಚಳಿಕೆಯ ಸುದ್ದಿಯೇ ಇರಲಿಲ್ಲ. ಮುರಿದರೆ ಹೇಳುವವರಾದರೂ ಯಾರು?

ಗಡಿಪಾರಾದವನ ಸಂಗತಿ ಇನ್ನೂ ವಿಚಿತ್ರ. ನಮ್ಮ ಪುಂಡ ಬೇರೊಂದು ಜಿಲ್ಲೆಯ ಓಣಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ತಾಯಿಯಿಲ್ಲ, ಬೈಯುವ ಹಿರಿಯರಿಲ್ಲ, ದುಡಿಮೆಯಿಲ್ಲ. ಅಲ್ಲಿಯ ಹುಡುಗಿಯರೂ ಕತ್ತಲಾದ ಮೇಲೆ ಬಸ್ಸಿನಿಂದ ಇಳಿಯುತ್ತಾರೆ. ಆ ಜಿಲ್ಲೆಯವರೂ ನಮ್ಮಂತೆಯೇ ಜಾಣರಾಗಿದ್ದರೆ ಅವರ ಪುಂಡನನ್ನು ನಮ್ಮ ಕಡೆ ಕಳಿಸುತ್ತಾರೆ. ಅಂಗಳದ ಕಸವನ್ನು ನೆರೆಯವರ ಅಂಗಳಕ್ಕೆ ಗುಡಿಸಿ ಸ್ವಚ್ಛತೆ ಆಯಿತೆನ್ನುವುದಕ್ಕೂ ಇದಕ್ಕೂ ಏನು ಅಂತರ?

ಹೆಸರು ಬರೆದಿಟ್ಟು ಹಾಜರಿ ಹಿಡಿಯುವ ಪದ್ಧತಿಯ ಫಲವನ್ನು ನೋಡಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯವರೆಗೆ ಹೋದರೆ ಸಾಕು. ಬ್ರಿಟಿಷ ಸರಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯದೆ ಮಾಡಿತು, 1911ರಲ್ಲಿ ಅದನ್ನು ವಿಸ್ತರಿಸಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಹುಟ್ಟಿನಿಂದಲೇ ಕಳ್ಳರೆಂದು ಬರೆಯಿಸಿಕೊಂಡ ಅಲೆಮಾರಿ ಜನರನ್ನು ತಂದು ಹುಬ್ಬಳ್ಳಿಯಲ್ಲಿ ಒಂದು ಸೆಟ್ಲಮೆಂಟಿನಲ್ಲಿ ಇಟ್ಟರು. ಹಾಜರಿ ಕೊಡಬೇಕು, ಪರವಾನಗಿಯಿಲ್ಲದೆ ಊರು ಬಿಡುವಂತಿಲ್ಲ. ಅವರಿಗೆ ಗಿರಣಿಯಲ್ಲಿ, ರೇಲ್ವೆ ವರ್ಕಶಾಪಿನಲ್ಲಿ ಕೆಲಸವನ್ನೂ ಕೊಟ್ಟರೆಂಬುದು ನಿಜ. ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ಕ್ಕೆ, ಆ ಕಾಯದೆ ದೇಶದಲ್ಲೆಲ್ಲ ರದ್ದಾಯಿತು. ಎಪ್ಪತ್ತು ವರ್ಷಗಳ ಮೇಲಾಯಿತು. ಆ ಬಡಾವಣೆಯ ಹೆಸರು ಇಂದಿಗೂ 'ಸೆಟ್ಲಮೆಂಟ'. ಆ ವಿಳಾಸ ಹೇಳಿದ ಮೇಲೆ ಕೇಳುವವರ ಮೋರೆ ಬದಲಾಗುವುದನ್ನು ಅಲ್ಲಿಯ ವಿದ್ಯಾರ್ಥಿಗಳು ನಮಗಿಂತ ಚೆನ್ನಾಗಿ ಹೇಳಬಲ್ಲರು. ಕಾಯದೆ ಹೋದರೂ ಪಟ್ಟಿ ಹೋಗಲಿಲ್ಲ. ಇಂದಿನ ರೌಡಿ ಪಟ್ಟಿ ಜಾತಿಯನ್ನು ನೋಡಿ ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೆ ಹೆಸರು ಏರಿದಷ್ಟು ಸುಲಭವಾಗಿ ಇಳಿಯುವುದಿಲ್ಲವೆಂಬ ಗುಣ ಎರಡಕ್ಕೂ ಇದೆ.

ಹಾಗಾದರೆ ಹಳೆಯ ಕಾಲವೇ ಒಳ್ಳೆಯದಾಗಿತ್ತೆ? ನಮ್ಮ ಓಣಿಯ ಅಜ್ಜಂದಿರು ಹಾಗೆಯೇ ಹೇಳುತ್ತಾರೆ. ಊರಿಗೊಬ್ಬ ಪೋಲೀಸ ಪಾಟೀಲ, ಅವನ ಕೈಕೆಳಗೆ ತಳವಾರ, ಓಲೇಕಾರ. ಯಾರ ಮಗ ಎಲ್ಲಿ ಕೂತಿದ್ದಾನೆಂಬುದು ಚಾವಡಿಗೆ ಗೊತ್ತಿರುತ್ತಿತ್ತು. ಆದರೆ ಅದು ಮನೆತನದಿಂದ ಬಂದ ಅಧಿಕಾರ. ಪಾಟೀಲರ ಮಗನೇ ಪುಂಡನಾದರೆ ಹೇಳುವವರು ಯಾರಿದ್ದರು? ಗ್ರಾಮಾಧಿಕಾರ ರದ್ದತಿಯ ಕಾಯದೆ 1963ರಲ್ಲಿ ಜಾರಿಗೆ ಬಂದು ಆ ಹುದ್ದೆಗಳು ಹೋದದ್ದು ಸರಿಯೇ. ಅವುಗಳೊಂದಿಗೆ ಓಣಿಯ ಪರಿಚಯವುಳ್ಳ ಮನುಷ್ಯನೂ ಹೋದದ್ದು ಮಾತ್ರ ನಷ್ಟ. ಈಗ 112ಕ್ಕೆ ಫೋನು ಮಾಡಿದರೆ ಜೀಪು ಬರುತ್ತದೆ, ಹುಡುಗರು ಚದರುತ್ತಾರೆ, ಜೀಪು ಹೋಗುತ್ತದೆ, ಹುಡುಗರು ಮರಳುತ್ತಾರೆ. ಜೀಪಿನಲ್ಲಿ ಬಂದವರಿಗೆ ನಮ್ಮ ಹೆಸರು ಗೊತ್ತಿಲ್ಲ, ನಮಗೆ ಅವರ ಹೆಸರು ಗೊತ್ತಿಲ್ಲ.

ಈ ನಷ್ಟವನ್ನು ತುಂಬುವ ಯತ್ನಗಳು ಆಗಿವೆ. ಕೇರಳದವರು 2008ರಲ್ಲಿ 'ಜನಮೈತ್ರಿ' ಎಂಬ ಯೋಜನೆ ಆರಂಭಿಸಿದರು. ಬೀಟಿನ ಪೋಲೀಸನು ತನ್ನ ಭಾಗದ ಪ್ರತಿ ಮನೆಯಲ್ಲಿ ಒಬ್ಬರನ್ನಾದರೂ ನೇರವಾಗಿ ಬಲ್ಲವನಾಗಿರಬೇಕೆಂಬುದು ಅದರ ತಿರುಳು. ನಮ್ಮ ರಾಜ್ಯದಲ್ಲಿ 2017ರಲ್ಲಿ ಹೊಸ ಬೀಟ್ ಪದ್ಧತಿ ಬಂತು: ಒಂದೊಂದು ಪ್ರದೇಶಕ್ಕೆ ಒಬ್ಬ ಪೇದೆ ಹೊಣೆಗಾರ, ಅವನೊಂದಿಗೆ ನಾಗರಿಕರ ಸಮಿತಿ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಘೋಷಣೆಯಾಯಿತು. ಕಾಗದದ ಮೇಲೆ ನಮಗೆ ಏನೂ ಕಡಿಮೆಯಿಲ್ಲ. ಆದರೆ ಪೇದೆಗೆ ಬಂದೋಬಸ್ತಿನ ಕೆಲಸ ಯಾವಾಗಲೂ ಮೊದಲು. ಮೆರವಣಿಗೆ, ಹಬ್ಬ, ಮಂತ್ರಿಗಳ ಭೇಟಿ, ಕೋರ್ಟಿನ ಸಮನ್ಸು. ಓಣಿಯ ಪಾಳಿ ಬರುವಷ್ಟರಲ್ಲಿ ಅವನಿಗೆ ವರ್ಗವಾಗಿರುತ್ತದೆ. ಸಮಿತಿಗಳ ಮಾತು ಹೇಳುವುದಾದರೆ, ಅಂಗಡಿಕಾರರು, ಮುಖಂಡರು, ಮುಖಂಡರ ಭಾವಮೈದುನರು ಇರುತ್ತಾರೆ. ಪಾಳಿ ಮುಗಿಸಿ ಕತ್ತಲಲ್ಲಿ ಮನೆಗೆ ನಡೆಯುವ ಹೆಂಗಸು ಇರುವುದಿಲ್ಲ.

ಓಣಿಯ ಪೋಲೀಸನೆಂದರೆ ಚಾಡಿಗಾರರ ಕಚೇರಿಯಾದೀತು ಎಂದು ಅಧ್ಯಾಪಕರೊಬ್ಬರು ನನಗೆ ಎಚ್ಚರಿಕೆ ಹೇಳಿದರು. ಆ ಭಯ ನನಗೂ ಇದೆ. ಬಾಡಿಗೆಯವರನ್ನು ಓಡಿಸುವುದಕ್ಕೆ, ಬೇರೆ ಜಾತಿಯ ಹುಡುಗನೊಂದಿಗೆ ಮಾತಾಡಿದ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸುವುದಕ್ಕೆ ಈ ಏರ್ಪಾಡು ಬಳಕೆಯಾಗಲಾರದೆಂದು ಯಾರು ಹೇಳಬಲ್ಲರು? ಅದಕ್ಕಾಗಿಯೇ ಆಜ್ಞೆ ಕೋರ್ಟಿನಿಂದ ಬರಬೇಕೆನ್ನುತ್ತೇನೆ. ಪೋಲೀಸನು ಓಣಿಯನ್ನು ಬಲ್ಲವನಾಗಿರಲಿ, ತೀರ್ಪು ಮಾತ್ರ ಓಣಿಯನ್ನೂ ಪೋಲೀಸರನ್ನೂ ಹೊರಗಿನಿಂದ ನೋಡುವ ನ್ಯಾಯಾಧೀಶರದಾಗಿರಲಿ.

ಇಂಗ್ಲೆಂಡಿನಲ್ಲಿ ಇಂಥ ಆಜ್ಞೆಗಳ ಪ್ರಯೋಗ ಆಗಿದೆ. ಅಲ್ಲಿ 1998ರ ಕಾಯದೆಯಿಂದ, ನೆರೆಹೊರೆಗೆ ಉಪದ್ರವ ಕೊಡುವವನು ಇಂಥ ಬೀದಿಗೆ ಕಾಲಿಡಬಾರದು, ಇಂಥವರೊಡನೆ ಸೇರಬಾರದು ಎಂದು ಕೋರ್ಟು ವಿಧಿಸುವ ಕ್ರಮ ಬಂತು. ಅರ್ಧಕ್ಕಿಂತ ಹೆಚ್ಚು ಆಜ್ಞೆಗಳು ಒಮ್ಮೆಯಾದರೂ ಮುರಿಯಲ್ಪಟ್ಟವು. ತರುಣರು ಕೆಲವರು ಅದನ್ನು ಪದಕದಂತೆ ಹೇಳಿಕೊಂಡು ತಿರುಗಿದರಂತೆ. 2014ರಲ್ಲಿ ಆ ಕಾಯದೆಯನ್ನು ಬದಲಿಸಿದರು. ಹೊಸದರಲ್ಲಿ ಎರಡು ಅಂಶಗಳು ನನ್ನ ಮನಸ್ಸಿಗೆ ಹಿಡಿಸಿದವು. ಬರಿಯ 'ಬೇಡ'ಗಳಲ್ಲದೆ 'ಮಾಡು' ಎಂಬುದನ್ನೂ ಕೋರ್ಟು ಹೇಳಬಹುದು: ಕುಡಿತ ಬಿಡುವ ಚಿಕಿತ್ಸೆಗೆ ಹೋಗು, ತರಬೇತಿಗೆ ಹೋಗು ಎಂದು. ಇನ್ನೊಂದು, ಆರು ತಿಂಗಳಲ್ಲಿ ಮೂರು ಸಲ ದೂರು ಕೊಟ್ಟರೂ ಕೆಲಸ ನಡೆಯದಿದ್ದರೆ, ಏಕೆ ನಡೆಯಲಿಲ್ಲವೆಂದು ಮರುಪರಿಶೀಲನೆ ಕೇಳುವ ಹಕ್ಕು ದೂರುಗಾರನಿಗೆ ಇದೆ. ವೀರಾಪುರ ಓಣಿಯ ಮನೆಯವರಿಗೆ ಈ ಹಕ್ಕು ಇದ್ದಿದ್ದರೆ ಎಂದು ಓದುವಾಗ ಅನಿಸಿತು.

ಲಕಮನಹಳ್ಳಿಗೆ ಏನು ಬೇಕೆಂದು ನನ್ನನ್ನು ಕೇಳಿದರೆ, ಮುಚ್ಚಳಿಕೆಯಲ್ಲಿ ತಿರುವಿನ ಹೆಸರು ಬರೆದಿರಲಿ, ಹೊತ್ತು ಬರೆದಿರಲಿ, ಆರು ತಿಂಗಳೆಂದರೆ ಆರೇ ತಿಂಗಳಿರಲಿ. ಅದರ ಕೊನೆಗೆ ಹೆಸರು ತೆಗೆಯುವ ದಿನಾಂಕವೂ ಇರಲಿ. ನನ್ನ ಶಾಲೆಯ ಜೊತೆಗಾರನನ್ನು ಬೀದರಕ್ಕೋ ಚಾಮರಾಜನಗರಕ್ಕೋ ಕಳಿಸುವುದರ ಬದಲು ಎದುರಿಗೇ ಇರುವ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಸಬು ಕಲಿಯಲು ಹಚ್ಚಲಿ. ದಿನವೂ ಬೆಳಗಿನ ಎಂಟಕ್ಕೆ ಯಂತ್ರದ ಮುಂದೆ ನಿಲ್ಲಬೇಕಾದವನು ರಾತ್ರಿ ಹನ್ನೊಂದರವರೆಗೆ ತಿರುವಿನಲ್ಲಿ ನಿಲ್ಲಲಾರ. ಬೀಟಿನ ಪೇದೆಯನ್ನು ಎರಡು ವರ್ಷವಾದರೂ ಕದಲಿಸಬಾರದು. ತಿರುವಿಗೊಂದು ದೀಪ ಪಾಲಿಕೆಯವರ ಕೆಲಸ. ಅದಕ್ಕೆ ಕಾಯದೆಯೂ ಬೇಡ, ಕಮಿಷನರರೂ ಬೇಡ.

ಬೀಟ್ ಸಮಿತಿಯಲ್ಲಿ ಪಾಳಿಯ ಕೆಲಸಕ್ಕೆ ಹೋಗುವ ಇಬ್ಬರು ಹೆಂಗಸರೂ ಒಬ್ಬ ವಿದ್ಯಾರ್ಥಿನಿಯೂ ಇರಬೇಕು, ಸಭೆ ಸಂಜೆ ಏಳರ ಮೇಲೆ ನಡೆಯಬೇಕು, ಕೊಟ್ಟ ದೂರಿಗೆ ನಂಬರು ಹಾಕಿದ ಚೀಟಿ ಕೊಡಬೇಕು ಎಂದು ನಾನೊಂದು ಮನವಿ ಬರೆದಿದ್ದೇನೆ. ಇದುವರೆಗೆ ನಮ್ಮ ಓಣಿಯ ಮೂವತ್ತೊಂದು ಹೆಂಗಸರು ಅದಕ್ಕೆ ಸಹಿ ಹಾಕಿದ್ದಾರೆ. ಕಾಲೇಜು ಬಿಟ್ಟ ಗೆಳತಿಯ ಸಹಿಯೂ, ತಿರುವಿನಲ್ಲಿ ನಿಲ್ಲುವವನ ತಾಯಿಯ ಹೆಬ್ಬೆಟ್ಟೂ ಅದರಲ್ಲಿವೆ. ಪರೀಕ್ಷೆ ಮುಗಿದ ಮರುವಾರ ಅದನ್ನು ಠಾಣೆಗೂ ಪಾಲಿಕೆಗೂ ಒಯ್ಯುವುದಿದೆ. ಆ ಭಾಗದಿಂದ ಬರುವ ಸಹಪಾಠಿಗಳು ಜೊತೆಗೆ ಬರುವುದಾದರೆ ಗ್ರಂಥಾಲಯದಲ್ಲಿ ನನಗೆ ತಿಳಿಸಬೇಕಾಗಿ ವಿನಂತಿ.