ಕಾವಲು ಯಂತ್ರಗಳಿಗೆ ಕಾವಲಾರು?

1927ರಲ್ಲಿ ಮಹಾತ್ಮಾ ಗಾಂಧಿಯವರು ಸಂದರ್ಶಿಸಿದ ನಂಜನಗೂಡು ತಾಲ್ಲೂಕಿನ ಬದನವಾಳು, ಖಾದಿಯಿಂದ ನಾಡಿನಲ್ಲೆಲ್ಲ ಪ್ರಸಿದ್ಧವಾದ ಗ್ರಾಮ. ಅಲ್ಲಿಯ ರಾಟೆಯ ಕದಿರು ತುಸು ಸೊಟ್ಟಗಾದರೆ ನೂಲು ಹರಿಯುತ್ತದೆ; ದೋಷವನ್ನು ರಾಟೆಯೇ ಸಾರುತ್ತದೆ. ಆದರೆ ಅದೇ ನಂಜನಗೂಡಿನ ರಸ್ತೆಯಲ್ಲಿರುವ ಮಂಡಕಳ್ಳಿಯದೂ ಸೇರಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಗಂಟುಮೂಟೆಗಳನ್ನು ಶೋಧಿಸುವ ಕ್ಷ-ಕಿರಣ ಯಂತ್ರಗಳ ಸ್ವಭಾವವೇ ಬೇರೆ. ಇಂಥ ಯಂತ್ರದ ಕಣ್ಣು ಮಂಜಾದರೂ ಪಟ್ಟಿ ಉರುಳುತ್ತಲೇ ಇರಬಹುದು, ತೆರೆಯ ಮೇಲೆ ಚಿತ್ರ ಮೂಡುತ್ತಲೇ ಇರಬಹುದು. ಕುರುಡು ಕಾವಲುಗಾರನು ಕಾವಲಿಲ್ಲದ ಬಾಗಿಲಿಗಿಂತಲೂ ಅಪಾಯಕರನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

1895ರಲ್ಲಿ ರಾಂಟ್‌ಜನ್ ಪಂಡಿತನು ಕಂಡುಹಿಡಿದ ಕಿರಣಗಳೇ ಈ ಯಂತ್ರದ ಜೀವಾಳ. ಬಟ್ಟೆ, ಆಹಾರ, ಸ್ಫೋಟಕ ಮೊದಲಾದ ಹಗುರ ಪದಾರ್ಥಗಳನ್ನು ಅದು ಕಿತ್ತಳೆ ಬಣ್ಣದಲ್ಲಿಯೂ ಲೋಹವನ್ನು ನೀಲಿಯಲ್ಲಿಯೂ ತೋರಿಸುತ್ತದೆ. ಕಿರಣನಳಿಗೆ ಮುಪ್ಪಡರಿದರೆ, ಗ್ರಾಹಕಗಳು ಕೆಟ್ಟರೆ, ಈ ವಿವೇಚನೆ ಕುಂದುತ್ತದೆ. ಬಾಯಿಗೆ ಇಳಿಬಿಟ್ಟ ಸೀಸದ ರಬ್ಬರು ಪರದೆ ಹರಿದರೆ ಕಿರಣಗಳು ಹೊರಸೂಸಿ ಪಕ್ಕದಲ್ಲಿ ನಿಂತ ನೌಕರನಿಗೆ ತಗಲುವ ಸಂಭವವುಂಟು.

ಇವನ್ನೆಲ್ಲ ಪರಿಶೀಲಿಸಲು ಊರಿಂದೂರಿಗೆ ಅಲೆಯುವವನು ದುರಸ್ತಿಯ ಎಂಜಿನಿಯರು. ನಾನಾ ದಪ್ಪದ ತಂತಿಗಳನ್ನೂ ಉಕ್ಕಿನ ತಗಡುಗಳನ್ನೂ ಅಳವಡಿಸಿದ ಪರೀಕ್ಷಾ ಪೆಟ್ಟಿಗೆಯನ್ನು ಒಳಗೆ ಹಾಯಿಸಿ ಯಂತ್ರದ ದೃಷ್ಟಿಯನ್ನು ಅಳೆಯುತ್ತಾನೆ. ವಿಕಿರಣಮಾಪಕವನ್ನು ಸುತ್ತಲೂ ಹಿಡಿದು ಸೋರಿಕೆಯನ್ನು ಶೋಧಿಸುತ್ತಾನೆ. ಮುಚ್ಚಳ ತೆರೆದೊಡನೆ ಕಿರಣ ನಿಲ್ಲುವುದೇ ಎಂದು ನೋಡುತ್ತಾನೆ. ಈ ಹೊತ್ತಿನಲ್ಲಿ ಎದುರಿಗೆ ಜನರ ಸಾಲು ಬೆಳೆಯುತ್ತಿರುತ್ತದೆ. “ಹೇಗಾದರೂ ನಡೆಯುವಂತೆ ಮಾಡಿಬಿಡಿ” ಎಂಬ ಮೇಲಿನವರ ಒತ್ತಾಯಕ್ಕೆ ಆತನು ಮಣಿದನೆಂದರೆ, ಆತನ ಸಹಿಗೆ ಬೆಲೆಯೇನು?

1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯು ಕಿರಣಸುರಕ್ಷೆಯ ಮೇಲ್ವಿಚಾರಣೆ ನಡೆಸುವುದು ಸರಿಯೇ. ಆದರೆ ಸ್ಥಳದಲ್ಲಿ ನಿಂತು ನೋಡುವ ಕಣ್ಣು ಈ ಎಂಜಿನಿಯರಿನದು. ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಯಂತ್ರವನ್ನು ಕೊಳ್ಳುವಾಗಲೇ ಬಿಡಿಭಾಗಗಳಿಗೂ ವರ್ಷವರ್ಷದ ಪಾಲನೆಗೂ ಹಣ ತೆಗೆದಿಡಬೇಕು, ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ತರುಣರಿಗೂ ಈ ವಿದ್ಯೆಯಲ್ಲಿ ತರಬೇತು ದೊರಕಬೇಕು. ಎಲ್ಲಕ್ಕೂ ಮಿಗಿಲಾಗಿ, “ಈ ಯಂತ್ರವನ್ನು ನಡೆಸಕೂಡದು” ಎಂದು ಆತನು ಬರೆದ ಮೇಲೆ, ದೋಷ ನಿವಾರಣೆಯಾಗುವವರೆಗೆ, ಎಷ್ಟು ದೊಡ್ಡ ಅಧಿಕಾರಿಯಾದರೂ ಅದನ್ನು ಮೀರಲಾಗದಂತೆ ಕಟ್ಟಳೆಯಾಗಬೇಕು. ಯಂತ್ರವು ತನ್ನ ದೋಷವನ್ನು ತಾನು ಹೇಳಲಾರದು. ಹೇಳಬಲ್ಲವನ ಬಾಯನ್ನಾದರೂ ನಾವು ಕಟ್ಟದಿರೋಣ.