ಫಿಲ್ಟರ್ ಖಾಲಿ ಡಬ್ಬ ಅಲ್ಲ, ಬೇಲಿಗೆ ಎಸೀಬೇಡಿ

ಮೊನ್ನೆ ಭಾನುವಾರ ಟ್ರ್ಯಾಕ್ಟರಿಗೆ ಆಯಿಲ್ ಚೇಂಜ್ ಮಾಡಿದೆ. 250 ಗಂಟೆ ಓಡಿತ್ತು. ಬಿಚ್ಚಿದ ಹಳೇ ಫಿಲ್ಟರನ್ನ ಬಾಯಿ ಕೆಳಗೆ ಮಾಡಿ ಹತ್ತು ನಿಮಿಷ ಬಿಟ್ಟೆ, ತೊಟ್ಟಿಕ್ಕೋದು ನಿಂತಿತು. ನಾವೆಲ್ಲ ಇಷ್ಟಕ್ಕೇ ಖಾಲಿ ಆಯ್ತು ಅಂತ ಬೇಲಿ ಸಾಲಿಗೆ ಎಸೀತೀವಿ. ಈ ಸಲ ನಾನು ಡಬ್ಬದ ತಲೆಗೆ ಮೊಳೆ ಹೊಡೆದು ತೂತು ಮಾಡಿ, ಒಂದು ಹಳೇ ಟಿನ್ನಿನ ಮೇಲೆ ಬಾಯಿ ಕೆಳಗಾಗಿ ಇಟ್ಟು ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಅಳೆದ್ರೆ ಕ್ವಾರ್ಟರ್ ಬಾಟ್ಲಿಗೆ ಮುಕ್ಕಾಲು ಭಾಗ ಕರೀ ಆಯಿಲ್. ಸುಮಾರು 135 ಎಂ.ಎಲ್. ಖಾಲಿ ಅಂದ್ಕೊಂಡಿದ್ದ ಡಬ್ಬದಿಂದ!

ಇದನ್ನೆಲ್ಲ ಅಳೆಯೋ ಬುದ್ಧಿ ನನಗೆ ಸುಮ್ಮನೆ ಬರಲಿಲ್ಲ. ಹೋದ ವರ್ಷ ಆದ ಕಥೆ ಹೇಳ್ತೀನಿ.

ನಮ್ಮದು ಮೂರು ಎಕರೆ. ತೆಂಗು, ಸ್ವಲ್ಪ ರಾಗಿ, ಎರಡು ಸೀಮೆ ಹಸು. ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್, ಬಾಡಿಗೆಗೂ ಹೋಗುತ್ತೆ. ಶೆಡ್ಡು ಮೇಲೆ, ಕೃಷಿ ಹೊಂಡ ಕೆಳಗೆ. ಶೆಡ್ಡಿನ ಹಿಂದೆ ನಾಲ್ಕೈದು ಹಳೇ ಫಿಲ್ಟರ್ ಬಿದ್ದಿದ್ವು, ಎರಡು ವರ್ಷದ್ದು. ರೋಹಿಣಿ ಮಳೆ ಒಂದೇ ರಾತ್ರಿ ಜೋರಾಗಿ ಹೊಡೀತು. ಹೊಂಡ ತುಂಬಿತು ಅಂತ ಖುಷಿಯಾಗಿ ಬೆಳಗ್ಗೆ ನೋಡೋಕೆ ಹೋದ್ರೆ ನಮ್ಮನೆಯವರು ಮೊದಲೇ ಅಲ್ಲಿ ನಿಂತಿದ್ರು. "ಇದೇನ್ರೀ, ಹೊಂಡದ ಮೇಲೆ ಕಾಮನಬಿಲ್ಲು ಬಿದ್ದೈತೆ?" ಅಂದ್ರು. ನೀರಿನ ಮೇಲೆ ಆಯಿಲ್ ಪೊರೆ. ಹಸು ಮೂತಿ ಇಟ್ಟು ಮೂಸಿ ಹಿಂದಕ್ಕೆ ಬಂತು. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರೋದ್ರಿಂದ ನೀರು ಇಂಗಲ್ಲ, ಮೇಲಿನ ಆಯಿಲ್ಲೂ ಎಲ್ಲಿಗೂ ಹೋಗಲ್ಲ. ಒಣ ಹುಲ್ಲನ್ನ ಹಗ್ಗದ ಹಾಗೆ ಕಟ್ಟಿ ಈ ದಡದಿಂದ ಆ ದಡಕ್ಕೆ ಎರಡು ದಿನ ಎಳೆದೆವು. ಆ ಹುಲ್ಲನ್ನ ಎಲ್ಲಿ ಹಾಕೋದು ಅಂತ ಗೊತ್ತಾಗದೆ ಇವತ್ತಿಗೂ ಗೊಬ್ಬರದ ಚೀಲದಲ್ಲಿ ಕಟ್ಟಿ ಇಟ್ಟಿದ್ದೀನಿ. ತಪ್ಪು ನಂದೇ, ಬೇರೆಯವರ ಮೇಲೆ ಹಾಕೋಕೆ ಆಗಲ್ಲ.

"ಒಂದು ಫಿಲ್ಟರಿಂದ ಏನಾಗುತ್ತೆ ಬಿಡಣ್ಣ" ಅಂತಾರೆ. ಲೆಕ್ಕ ಹಾಕೋಣ. ನಮ್ಮ ಊರಲ್ಲಿ 14 ಟ್ರ್ಯಾಕ್ಟರ್ ಅವೆ. ವರ್ಷಕ್ಕೆ ಮೂರು ಸಲ ಬದಲಾಯಿಸಿದ್ರೂ 42 ಫಿಲ್ಟರ್. ನನ್ನ ಅಳತೆ ಪ್ರಕಾರ ಐದೂವರೆ ಲೀಟರಿಗೂ ಮೇಲೆ ಆಯಿಲ್ ಬೇಲಿ, ಬದು, ತಿಪ್ಪೆ, ಹಾಳು ಬಾವಿ ಸೇರ್ತಾ ಇದೆ. ಟಿಲ್ಲರ್, ಬೈಕು, ಗೂಡ್ಸ್ ಗಾಡಿ ಇದರಲ್ಲಿ ಸೇರಿಸಿಲ್ಲ.

ನನಗೆ ವಿಚಿತ್ರ ಅನ್ನಿಸೋದು ಇದು: ತೆಗೆದ ಆಯಿಲನ್ನ ನಾವ್ಯಾರೂ ಚೆಲ್ಲಲ್ಲ. ಕ್ಯಾನಿಗೆ ತುಂಬಿ ಜೋಪಾನ ಮಾಡ್ತೀವಿ, ನೇಗಿಲಿಗೆ ತುಕ್ಕು ಹಿಡಿಯದಂಗೆ ಸವರೋಕೆ, ಸೆಂಟ್ರಿಂಗ್‌ನವರಿಗೆ ಕೊಡೋಕೆ. ಅದಕ್ಕೆ ಬೆಲೆ ಇದೆ. ಫಿಲ್ಟರಿಗೆ ಬೆಲೆ ಇಲ್ಲ ಅಂತ ಎಸೀತೀವಿ. ಗುಜರಿಯವನೂ ಮುಟ್ಟಲ್ಲ, ಗಾಡಿಯೆಲ್ಲ ಜಿಡ್ಡಾಗುತ್ತೆ ಅಂತಾನೆ. ಅದೇ ರಾತ್ರಿ ಪೂರ್ತಿ ಬಸಿದು ಒಣಗಿದ ಒಂಬತ್ತು ಫಿಲ್ಟರ್ ಕೊಟ್ಟಾಗ ಕಬ್ಬಿಣದ ರೇಟಿಗೇ ತೂಕ ಹಾಕಿಕೊಂಡು ಹೋದ. ಬಸಿಯೋ ಕೆಲಸ ಒಂದೇ ಬಾಕಿ ಇದ್ದದ್ದು.

ಮಾಡೋದು ಹೀಗೆ. ಇಂಜಿನ್ ಬೆಚ್ಚಗಿರುವಾಗ ಬಿಚ್ಚಿ, ಆಗ ಆಯಿಲ್ ತೆಳುವಾಗಿ ಚೆನ್ನಾಗಿ ಇಳಿಯುತ್ತೆ. ಸುಡೋ ಅಷ್ಟು ಬಿಸಿ ಬೇಡ, ಕೆಲಸ ಮುಗಿಸಿ ಬಂದ ತಕ್ಷಣ ಕೈ ಹಾಕಿ ಮೊಣಕೈವರೆಗೂ ಬೊಬ್ಬೆ ಬಂದವರನ್ನ ನೋಡಿದ್ದೀನಿ. ಫಿಲ್ಟರ್ ಬಿಗಿಯಾಗಿದ್ರೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸೋರು ಇದ್ದಾರೆ, ತಗಡು ಹರಿದು ಅಲ್ಲೇ ಮೈಮೇಲೆ ಸುರಿಯುತ್ತೆ. ಚೈನ್ ಪಾನಾ ತಗೊಳ್ಳಿ. ಕೆಳಗೆ ಅಗಲ ತಟ್ಟೆ. ಆಮೇಲೆ ತಲೆಗೆ ತೂತು. ಎಣ್ಣೆ ಟಿನ್ನಿಗೆ ಎರಡು ತೂತು ಹೊಡೀತೀವಲ್ಲ, ಗಾಳಿ ಒಳಗೆ ಹೋದ್ರೆ ಎಣ್ಣೆ ಹೊರಗೆ ಬರುತ್ತೆ, ಅದೇ ಲೆಕ್ಕ. ಒಳಗಿನ ರಬ್ಬರ್ ವಾಲ್ವ್ ಆಯಿಲನ್ನ ಹಿಡಿದುಕೊಂಡಿರುತ್ತೆ, ಅದಕ್ಕೇ ಸುಮ್ಮನೆ ಮಗುಚಿದ್ರೆ ಪೂರ್ತಿ ಬರಲ್ಲ. ಕಮ್ಮಿ ಅಂದ್ರೂ ಹನ್ನೆರಡು ಗಂಟೆ ಬಿಡಿ. ಹಳೇ ಮಾಡೆಲ್ ಗಾಡಿಗೆ ಡಬ್ಬ ಇರಲ್ಲ, ಬರೀ ಪೇಪರ್ ಎಲಿಮೆಂಟ್. ಅದನ್ನ ತೂತಿರೋ ಡಬ್ಬಿಯಲ್ಲಿ ನಿಲ್ಲಿಸಿ ಬಸಿಯೋದು. ಕೈಗೆ ಗ್ಲೌಸ್ ಹಾಕಿ. ಹಳೇ ಆಯಿಲ್ ವರ್ಷಾನುಗಟ್ಟಲೆ ಮೈಗೆ ತಾಗಿದ್ರೆ ಚರ್ಮಕ್ಕೆ ಒಳ್ಳೇದಲ್ಲ. ನೆಲಕ್ಕೆ ಚೆಲ್ಲಿದ್ರೆ ನೀರು ಹಾಕಿ ತೊಳೀಬೇಡಿ, ಬೂದಿ ಹಾಕಿ ಗುಡಿಸಿ.

ಒಲೆಗೆ ಮಾತ್ರ ಹಾಕಬೇಡಿ. ನೀರೊಲೆಗೆ ಫಿಲ್ಟರ್ ಪೇಪರ್ ಹಾಕಿದ್ರೆ ಚೆನ್ನಾಗಿ ಉರಿಯುತ್ತೆ, ಗೊತ್ತು. ಇಂಜಿನ್ ಸವೆದ ಲೋಹದ ಪುಡಿ ಎಲ್ಲ ಅದರಲ್ಲೇ ಇರೋದು, ಹೊಗೆ ಕುಡಿಯೋರು ಮನೆ ಹೆಂಗಸರು. ಉಣ್ಣೆಗೆ ಅಂತ ದನದ ಮೈಗೆ ಹಳೇ ಆಯಿಲ್ ಬಳಿಯೋದನ್ನೂ ನಿಲ್ಲಿಸಬೇಕು, ದನ ಮೈ ನೆಕ್ಕದೆ ಇರುತ್ತಾ?

ಇಷ್ಟೆಲ್ಲ ರೈತನ ತಲೆಗೇ ಕಟ್ಟೋದು ನ್ಯಾಯ ಅಲ್ಲ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ ಅಂತ 2016ರ ನಿಯಮದಲ್ಲೇ ಇದೆ. ಆಮೇಲೆ ತಿದ್ದುಪಡಿಯಾಗಿ 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಗೆ ಆಯಿಲ್ ತಯಾರಿಸಿ ಮಾರೋ ಕಂಪನಿಗಳೇ ಹೊಣೆ ಅಂತ ಆಗಿದೆ. ಆದ್ರೆ ಒಂದು ಸರ್ವಿಸ್ ಸೆಂಟರ್‌ನಲ್ಲಿ ದುಡ್ಡು ಕಟ್ಟಿಸಿಕೊಂಡು ಆಯಿಲ್ ಬದಲಾಯಿಸಿದವರು, ಹಳೇ ಫಿಲ್ಟರನ್ನ ಹೊಸದರ ರಟ್ಟಿನ ಡಬ್ಬಕ್ಕೇ ಹಾಕಿ "ನಿಮ್ದು ಸಾರ್" ಅಂತ ನನ್ನ ಕೈಗೇ ಕೊಟ್ಟರು. ಹೊಸ ಫಿಲ್ಟರ್ ಮಾರೋನು ಹಳೇದನ್ನ ವಾಪಸ್ ತಗೋಬೇಕು. ಬ್ಯಾಟರಿ ಅಂಗಡಿಯವನು ತಗೊಳ್ಳಲ್ವಾ, ಹಳೇದು ಕೊಟ್ಟರೆ ರೇಟ್ ಇಳಿಸಿ? ಹಾಗೇ ಇದಕ್ಕೂ ಆಗಬೇಕು. ಮುಂದಿನ ಸಲ ಫಿಲ್ಟರ್ ತಗೊಳ್ಳೋವಾಗ ಎಲ್ಲರೂ ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳಿ. ಒಬ್ಬ ಕೇಳಿದ್ರೆ ನಗ್ತಾರೆ, ನಾನು ಕೇಳಿ ನಗಿಸಿಕೊಂಡು ಬಂದಿದ್ದೀನಿ.

ಅಲ್ಲೀವರೆಗೆ ನಮ್ಮ ಶೆಡ್ಡಿನಲ್ಲಿ ಒಂದು ಮುಚ್ಚಳದ ಡ್ರಮ್ ಇಟ್ಟಿದ್ದೀನಿ, ಮೇಲೆ ಜಾಲರಿ ಇದೆ. ನಮ್ಮೂರು, ಪಕ್ಕದೂರಿನವರು ಫಿಲ್ಟರ್ ತಂದು ಮಗುಚಿಟ್ಟು ಹೋಗಬಹುದು. ಆಯಿಲ್ ತುಂಬಿದ ಮೇಲೆ ಪೇಟೆ ಗ್ಯಾರೇಜಿನವರಿಗೆ ಕೊಡೋದು ಅಂತ ಮಾತಾಡಿದ್ದೀನಿ, ಅವರ ಹತ್ರ ತಗೊಂಡು ಹೋಗೋನಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಪರವಾನಗಿ ಇದೆಯಾ ಅಂತಲೂ ಕೇಳಿಕೊಂಡೇ ಮಾತಾಡಿದ್ದು. ಕೂಲೆಂಟು, ಪೆಟ್ರೋಲು, ಔಷಧಿ ಹೊಡೆದು ಉಳಿದ ನೀರು ಅದಕ್ಕೆ ಸುರೀಬೇಡಿ, ಬೆರೆಸಿದ್ರೆ ಯಾರೂ ತಗೊಳ್ಳಲ್ಲ. ಡೀಸೆಲ್ ಫಿಲ್ಟರನ್ನ ಬೇರೆಯಾಗಿ ಕೊಡಿ, ಅದು ಬೇಗ ಬೆಂಕಿ ಹತ್ತೋ ಪದಾರ್ಥ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಎಂಟು ಗಂಟೆವರೆಗೂ ಮನೇಲೇ ಇರ್ತೀನಿ.